ವ್ಯಾಕರಣ ಯಾರ ಮನೆಯಲ್ಲಿ

ಶಾಲೆ ಬಿಡಿಸಿದ್ದ ನನ್ನ ಮಗಳಿಗೆ ವ್ಯಾಕರಣ ಕಲಿಸಲು ನಮ್ಮ ಮುಂದೆ ಮೂರು ದಾರಿಗಳಿದ್ದವು. ಒಂದು, ಶಾಲೆಯ ಪಠ್ಯಪುಸ್ತಕದಲ್ಲಿರುವ ಸಂಧಿ, ಸಮಾಸ, ವಿಭಕ್ತಿಗಳ ಪಾಠ. ಇನ್ನೊಂದು, ನಾನೇ ಬರೆದು ಸಿದ್ಧಪಡಿಸುತ್ತಿದ್ದ ಪಾಠ. ಮೂರನೆಯದು, ಪಟ್ಟಂದೂರು ಅಗ್ರಹಾರದ ಹಿಂದಿನ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಒಬ್ಬ ಹೆಂಗಸು ಹೇಳಿಕೊಡುತ್ತಿದ್ದ ಪಾಠ. ಮೊದಲ ಎರಡರಲ್ಲಿ ಯಾವುದನ್ನು ಆರಿಸಿದರೂ ಕಲಿಸುವವನು ನಾನೇ. ಹಾಗಾಗಿ ನನ್ನ ಮಟ್ಟಿಗೆ ಇದ್ದದ್ದು ಎರಡೇ ದಾರಿ. ನಾನು, ಅಥವಾ ಆಕೆ.

ಆಗ ವೈಟ್‌ಫೀಲ್ಡ್ ಕಡೆಗೆ ಮೆಟ್ರೊ ಬರುತ್ತದೆ ಎಂಬ ಮಾತು ಮಾತ್ರ ಬಂದಿತ್ತು. ನಾವು ಕಾಡುಗೋಡಿಯಲ್ಲಿ ಒಂದು ಹಳೆಯ ಒಕ್ಕಲು ಮನೆತನದವರು ಕಟ್ಟಿಸಿದ್ದ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಹೆಂಡತಿ ಐಟಿ ಪಾರ್ಕಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಳು. ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ವರದಿಗಾರರು ಕಳಿಸಿದ್ದನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು ಪುಟಕ್ಕೆ ಹಾಕುವುದು ನನ್ನ ಕೆಲಸ. ಮಧ್ಯಾಹ್ನದ ರೈಲಿಗೆ ಊರೊಳಗೆ ಹೋದರೆ, ಪುಟಗಳು ಅಚ್ಚಿಗೆ ಹೋದ ಮೇಲೆಯೇ ವಾಪಸು.

ಮಗಳು ಶಾಲೆಗೆ ಹೋಗುತ್ತಿದ್ದಾಗ ಅವಳ ಬಸ್ಸು ಬರುವ ಹೊತ್ತಿಗೆ ನಾನು ನಿದ್ದೆಯಲ್ಲಿರುತ್ತಿದ್ದೆ. ಅವಳು ಟ್ರಾಫಿಕ್ಕಿನಲ್ಲಿ ವಾಂತಿ ಮಾಡಿಕೊಂಡು ಮನೆಗೆ ಬರುವ ಹೊತ್ತಿಗೆ ನಾನು ಆಫೀಸಿನಲ್ಲಿರುತ್ತಿದ್ದೆ. ಅವಳ ಫ್ರಾಕುಗಳು ಗಿಡ್ಡವಾದದ್ದು ನನಗೆ ಗೊತ್ತಾಗುತ್ತಿದ್ದದ್ದು ರಜೆಯ ದಿನ. ಮೂರನೇ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ನಿರ್ಧರಿಸಿದೆವು. ಇದರ ಹಿಂದೆ ಯಾವ ಸಿದ್ಧಾಂತ ಎಂದು ಹಲವರು ಕೇಳಿದ್ದಾರೆ. ಬಸ್ಸಿನಿಂದ ಅವಳು ಪಾರಾಗಬೇಕಿತ್ತು, ನನಗೆ ಅವಳ ಬೆಳಗುಗಳು ಬೇಕಿದ್ದವು. ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಗಣಿತ, ವಿಜ್ಞಾನ ಹೆಂಡತಿಯ ಪಾಲಿಗೆ ಬಂದವು. ಸಂಜೆ, ಶನಿವಾರ ಅವಳು ಕಲಿಸುತ್ತಿದ್ದಳು. ಭಾಷೆ ನನ್ನದು. ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ. ವಾಕ್ಯದಿಂದಲೇ ಹೊಟ್ಟೆ ಹೊರೆಯುವವನಿಗೆ ಬೇರೆ ಯಾವ ವಿಷಯ ಕೊಡುತ್ತಾರೆ?

ಬೆಳಿಗ್ಗೆ ಕಾಫಿ ಆದ ಮೇಲೆ ಹಾಲಿನ ಚಾಪೆ ಮೇಲೆ ಕೂರುತ್ತಿದ್ದೆವು. ಹಿಂದಿನ ದಿನ ನಡೆದದ್ದನ್ನು ಅವಳು ಬರೆಯಬೇಕು, ನಾನು ತಿದ್ದಬೇಕು. ಡೆಸ್ಕಿನಲ್ಲಿ ಹೊಸಬರಿಗೆ ಕಲಿಸುವ ಕ್ರಮವನ್ನೇ ಅವಳಿಗೂ ಕಲಿಸಿದೆ. ಮುಖ್ಯವಾದದ್ದು ಮೊದಲ ವಾಕ್ಯಕ್ಕೆ. ಯಾರು, ಎಲ್ಲಿ, ಯಾವಾಗ, ಏನು. ಉಳಿದದ್ದು ಆಮೇಲೆ, ಮಹತ್ವ ಇಳಿಯುತ್ತಾ ಹೋಗಬೇಕು. ಪತ್ರಿಕೆಯಲ್ಲಿ ಜಾಹೀರಾತು ಬಂದು ಜಾಗ ಕಡಿಮೆಯಾದರೆ ಸುದ್ದಿಯನ್ನು ಬುಡದಿಂದ ಕತ್ತರಿಸುತ್ತೇವೆ. ಕತ್ತರಿಸಿದರೂ ಸುದ್ದಿ ನಿಲ್ಲುವಂತೆ ಬರೆಯುವುದೇ ಕಸುಬು. ನಾನು ಅವಳ ಕೊನೆಯ ಸಾಲುಗಳಿಗೆ ಅಡ್ಡಗೆರೆ ಎಳೆದು, 'ಇದಿಲ್ಲದೆ ನಿಲ್ಲುತ್ತಾ ನೋಡು' ಎನ್ನುತ್ತಿದ್ದೆ. ನಿಲ್ಲುತ್ತಿತ್ತು. ಅವಳು ಬೇಗ ಕಲಿತಳು.

ವೈಟ್‌ಫೀಲ್ಡಿನ ಸುತ್ತ ನಮ್ಮಂತೆ ಮನೆಯಲ್ಲೇ ಕಲಿಸುವ ಕುಟುಂಬಗಳ ಒಂದು ಗುಂಪಿತ್ತು. ತಿಂಗಳಿಗೊಮ್ಮೆ ಯಾರದಾದರೂ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಸೇರುತ್ತಿದ್ದರು. ಹೆಚ್ಚಿನವರು ತಾಯಂದಿರು. ಅಪ್ಪಂದಿರು ಬಂದರೆ ಕಾರಿನಿಂದ ತಿಂಡಿಯ ಡಬ್ಬಿ ಇಳಿಸಿ ಹೋಗುತ್ತಿದ್ದರು. ಕೂತು ಮಾತಾಡುವ ಗಂಡಸು ನಾನೊಬ್ಬನೇ. ಅಲ್ಲಿ ಮೊದಲ ಸಲ ಹೋದಾಗ ನಾನು ಪತ್ರಿಕೆಯವನೆಂದು ತಿಳಿದು ಎಲ್ಲರೂ ವ್ಯಾಕರಣದ ಬಗ್ಗೆ ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಿದರು. ಆದರೆ ಕೇಳಿದ್ದು ಆಕೆಯನ್ನು.

ಆಕೆ ಮೊದಲು ಆಸ್ಪತ್ರೆಯ ಯಂತ್ರಗಳಿಗೆ ಕೈಪಿಡಿ ಬರೆಯುತ್ತಿದ್ದವರು. ಕೆಲಸ ಬಿಟ್ಟು ಮಗನಿಗೆ ಮನೆಯಲ್ಲಿ ಕಲಿಸುತ್ತಿದ್ದರು. ನಮ್ಮ ಕಡೆಯವರೇ, ಮನೆಮಾತು ಕನ್ನಡ. ಸಂಬಂಧಿಕರೊಬ್ಬರ ಸೂಟ್‌ಕೇಸಿನಲ್ಲಿ ಹೊರದೇಶದಿಂದ ಬಂದ ಒಂದು ವ್ಯಾಕರಣ ಸೆಟ್ಟು ಅವರ ಹತ್ತಿರ ಇತ್ತು. ಯಾರು, ಏನು ಮಾಡಿದರು, ಯಾರಿಗೆ ಎಂದು ವಾಕ್ಯದ ಪದಗಳನ್ನು ಬೇರೆ ಬೇರೆ ಗೆರೆಗಳ ಮೇಲೆ ಬಿಡಿಸಿ ಇಡುವ ಪದ್ಧತಿ. ನಾನು ಅದನ್ನು ತಿರುವಿ ನೋಡಿದೆ. ಉದಾಹರಣೆಯ ವಾಕ್ಯಗಳ ತುಂಬ ಹಿಮ, ಕೊಟ್ಟಿಗೆ, ಕುದುರೆ ಸವಾರಿ.

'ನಮ್ಮ ಮಕ್ಕಳಿಗೆ ಹಿಮದ ವಾಕ್ಯ ಯಾಕೆ?' ಎಂದೆ.

'ಅದನ್ನೆಲ್ಲ ನಾನೂ ಬಿಟ್ಟಿದ್ದೀನಿ ಸಾರ್' ಎಂದರು ಆಕೆ. 'ಗೆರೆ ಮಾತ್ರ ಇಟ್ಕೊಂಡಿದ್ದೀನಿ. ಮೊದಲು ಬಾಯಲ್ಲಿ ಹೇಳೋದು, ಆಮೇಲೆ ಬರೆಯೋದು. ಕರ್ತೃ, ಕರ್ಮ ಅನ್ನೋ ಹೆಸರೆಲ್ಲ ಕೊನೆಗೆ. ಕನ್ನಡಕ್ಕೂ ಅದೇ ಮಾಡ್ತೀನಿ, ಇಂಗ್ಲಿಷಿಗೂ ಅದೇ.'

ಆಕ್ಷೇಪ ಎತ್ತಲು ನನಗೆ ಬೇರೇನೂ ಸಿಗಲಿಲ್ಲ. ಆ ಕ್ಷಣದಿಂದಲೇ ಆಕೆಯನ್ನು ಕಂಡರೆ ನನಗಾಗದು ಎಂದು ಗೊತ್ತಾಯಿತು.

ಗುಂಪಿನಲ್ಲೊಂದು ರೂಢಿ ಇತ್ತು. ಯಾವುದೇ ಪಾಠಕ್ರಮ ಒಪ್ಪಿಕೊಳ್ಳುವ ಮೊದಲು ಅದನ್ನು ಬಳಸುತ್ತಿರುವ ಮನೆಗೆ ಮಗುವನ್ನು ಕೆಲವು ವಾರ ಕಳಿಸಿ ನೋಡುವುದು. ಹೆಂಡತಿ ಒಂದು ಬೆಳಿಗ್ಗೆ ಆಫೀಸಿಗೆ ಹೊರಡುತ್ತಾ, 'ನೋಡೋಣ, ವಾರಕ್ಕೆ ಮೂರು ದಿನ ಹೋಗ್ಲಿ' ಎಂದಳು.

'ನಾನು ಬರೀತಿರೋ ಪಾಠ ಅರ್ಧಕ್ಕೆ ಬಂದಿದೆ. ಅದು ಮುಗೀಲಿ' ಎಂದೆ.

'ನೀವು ಮುಗಿಸೋ ಹೊತ್ತಿಗೆ ಅವಳು ಪಿಯುಸಿ ಮುಗಿಸಿರ್ತಾಳೆ.'

ಮಗಳು ಹೋದಳು. ಸೋಮವಾರ, ಬುಧವಾರ, ಶುಕ್ರವಾರ. ನಾನೇ ಸ್ಕೂಟರಿನಲ್ಲಿ ಬಿಟ್ಟುಬರುತ್ತಿದ್ದೆ. ನೀರಿನ ಟ್ಯಾಂಕರುಗಳ ಹಿಂದೆ, ಕಂಪನಿ ಬಸ್ಸುಗಳ ಸಂದಿಯಲ್ಲಿ ಹೋಗಿ, ಗೇಟಿನ ಸೆಕ್ಯೂರಿಟಿಯವನಿಗೆ ಫ್ಲ್ಯಾಟ್ ನಂಬರು ಹೇಳಿ, ಲಿಫ್ಟಿನ ಬಾಗಿಲು ಮುಚ್ಚುವವರೆಗೆ ನಿಂತು ವಾಪಸು ಬರುವುದು. ನನ್ನ ಪಾಠಕ್ಕೆ ಅವಳನ್ನು ಎಬ್ಬಿಸಬೇಕಿತ್ತು. ಆಕೆಯ ಪಾಠದ ದಿನ ಅವಳೇ ಎದ್ದಿರುತ್ತಿದ್ದಳು. ನನ್ನ ಪಾಠಕ್ಕೆ ಮನೆಯ ಲಂಗವಾದರೂ ಸಾಕಿತ್ತು. ಅಲ್ಲಿಗೆ ಹೋಗಲು ಹಳದಿ ಚೂಡಿದಾರವೇ ಆಗಬೇಕಿತ್ತು. ಇವನ್ನೆಲ್ಲ ನಾನು ಗಮನಿಸುತ್ತಿದ್ದೆ. ಗಮನಿಸುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು, ಆ ಅಭ್ಯಾಸವನ್ನು ಮನೆಯಲ್ಲಿ ಬಿಡಲಾಗಲಿಲ್ಲ.

ಮನೆಗೆ ಬಂದರೆ ಕೆಳಗೆ ಮನೆ ಮಾಲೀಕರ ಹೆಂಡತಿ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು.

'ಏನ್ ಸಾ, ಇವತ್ತೂ ನಿಮ್ ಇಸ್ಕೂಲಿಗೆ ರಜಾನಾ?'

'ಮಗು ಪಾಠಕ್ಕೆ ಹೋಗಿದ್ದಾಳಮ್ಮ.'

'ಇಸ್ಕೂಲ್ ಬುಡ್ಸಿ ಮನೇಲಿಟ್ಕಂಡ್ರಿ. ಈಗ ಮನೆ ಬುಡ್ಸಿ ಟೂಸನ್ಗೆ ಕಳಿಸ್ತೀರಿ. ಇಂಗಾದ್ರೆ ಎಂಗೆ ಸಾ? ಎಡ್ಮಾಸ್ಟ್ರೇ ಖಾಲಿ ಕುಂತವ್ರೆ!'

ಪಕ್ಕದ ರೂಮಿನ ಬಾಡಿಗೆಯವರು ನಕ್ಕರು. ನಾನೂ ನಕ್ಕೆ.

ಎರಡನೇ ವಾರ ಮಗಳು ಸ್ಕೂಟರಿನ ಹಿಂದಿನಿಂದ ಕಿವಿಯ ಹತ್ತಿರ ಕೂಗಿದಳು. 'ಅಪ್ಪಾ, ನಿಂಗೊತ್ತಾ? ಕನ್ನಡದಲ್ಲಿ ಕ್ರಿಯಾಪದ ಇಲ್ದೇನೂ ವಾಕ್ಯ ಮಾಡಬಹುದು!'

'ಗೊತ್ತು. ನಾನೇ ಹೇಳಿದ್ನಲ್ಲ, ಬೇಸಿಗೆಯಲ್ಲಿ.'

'ನೀನ್ ಹೇಳಿದ್ದು ಬೇರೆ.'

'ಬೇರೆ ಏನು? ಇದೇ. ಉದಾಹರಣೆ ಸಮೇತ ಹೇಳಿದ್ದೆ.'

ಅವಳು ಸ್ವಲ್ಪ ಯೋಚಿಸಿದಳು. 'ಆಂಟಿ ಹೇಳಿದ್ದು ಅರ್ಥ ಆಯ್ತು' ಎಂದಳು.

ಅಂದು ಆಫೀಸಿನಲ್ಲಿ ನಾನು ತಿದ್ದಿದ ಯಾವ ಸುದ್ದಿಯೂ ನೆನಪಿಲ್ಲ. ಆಕೆಯಲ್ಲಿ ದೋಷ ಹುಡುಕುತ್ತಿದ್ದೆ. ಆಕೆಗೆ ಹಳಗನ್ನಡ ಬರಲಿಕ್ಕಿಲ್ಲ. ಕೈಪಿಡಿ ಬರೆದವರ ಭಾಷೆ ಒಣಗಿರುತ್ತದೆ. ಮಗಳ ಬಾಯಲ್ಲಿ 'ಆಕ್ಚುವಲಿ' ಹೆಚ್ಚಾಗಿದೆ. ಇವುಗಳಲ್ಲಿ ಯಾವುದಕ್ಕೂ ನನ್ನ ಹತ್ತಿರ ಆಧಾರ ಇರಲಿಲ್ಲ. ಮಗಳು ಎರಡನೇ ತರಗತಿಯಿಂದಲೂ 'ಆಕ್ಚುವಲಿ' ಎನ್ನುತ್ತಿದ್ದಳು. ಆಧಾರವಿಲ್ಲದ ವರದಿಯನ್ನು ಬೇರೆಯವರು ತಂದರೆ ನಾನು ವಾಪಸು ಕಳಿಸುತ್ತಿದ್ದೆ. ಆದ್ದರಿಂದ ಸ್ವತಃ ಹೋಗಿ ನೋಡಬೇಕೆಂದು ತೀರ್ಮಾನಿಸಿದೆ. ಹೀಗೆ ಕಳಿಸಿ ನೋಡುವ ವಾರಗಳು ಮುಗಿಯುವ ದಿನ ಪಾಠದಲ್ಲಿ ಕೂರಬಹುದೇ ಎಂದು ಫೋನಿನಲ್ಲಿ ಕೇಳಿದೆ. 'ಖಂಡಿತ ಬನ್ನಿ ಸಾರ್' ಎಂದರು. ಆ ಸಲೀಸುತನವೂ ನನಗೆ ಹಿಡಿಸಲಿಲ್ಲ.

ಊರಿನ ಇನ್ನೊಂದು ತುದಿಯ ಮಾಕಳಿಯಲ್ಲಿ ನನ್ನ ಹೆಂಡತಿಯ ತಂಗಿಯ ಮನೆ ಇದೆ. ಅವಳ ಗಂಡ ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ನಾನು ಪಾಠ ನೋಡಲು ಹೋಗುವ ಮುಂಚಿನ ಭಾನುವಾರ ನನಗೆ ಡ್ಯೂಟಿ ಇದ್ದದ್ದರಿಂದ ತಾಯಿ, ಮಗಳು ಇಬ್ಬರೇ ಅಲ್ಲಿಗೆ ಹೋಗಿಬಂದಿದ್ದರು. ಪಾಠದ ಮಕ್ಕಳು ಆ ವಾರ ತಾವು ನೋಡಿದ ಒಂದು ಘಟನೆಯನ್ನು ಬರೆದು ತರಬೇಕಿತ್ತು. ಮಗಳು ಮಾಕಳಿಯದನ್ನು ಬರೆದು ನನಗೆ ಮೊದಲು ತೋರಿಸಿದಳು. ನೋಡಿ ಮೆಚ್ಚಿಕೊಂಡೆ. ಒಂದು ಅಕ್ಷರವನ್ನೂ ತಿದ್ದುವಂತಿರಲಿಲ್ಲ.

ಒಂಬತ್ತನೇ ಮಹಡಿಯ ಹಾಲಿನಲ್ಲಿ ನಾಲ್ಕೈದು ಮಕ್ಕಳು ನೆಲದ ಮೇಲೆ ಕೂತಿದ್ದರು. ಆಕೆಯ ಮಗನೂ ಇದ್ದ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವನು. ನನಗೆ ಊಟದ ಮೇಜಿನ ಹತ್ತಿರ ಕುರ್ಚಿ, ಒಂದು ಲೋಟ ಕಾಫಿ. ಬಾಲ್ಕನಿಯಿಂದ ಹಳ್ಳಿಯ ಶೀಟಿನ ಮಾಡುಗಳೂ ಅದರಾಚೆ ಐಟಿ ಪಾರ್ಕಿನ ಗಾಜೂ ಕಾಣುತ್ತಿದ್ದವು. ಒಳ್ಳೆಯ ಬೆಳಕಿದ್ದ ಮನೆ. ನಮ್ಮ ಹಾಲಿಗೆ ಮುಂದಿನ ಕಟ್ಟಡ ಎದ್ದ ಮೇಲೆ ಬೆಳಿಗ್ಗೆಯೂ ಟ್ಯೂಬ್‌ಲೈಟು ಹಾಕಬೇಕಿತ್ತು. ಮಗಳು ನನ್ನನ್ನು ಒಮ್ಮೆ ನೋಡಿ, ಯಾರೋ ನೆಂಟರು ಬಂದಂತೆ ಮುಖ ಆಚೆ ತಿರುಗಿಸಿದಳು.

ಅವಳ ಸರದಿ ಬಂತು. ಎದ್ದು ನಿಂತು ಓದಿದಳು. 'ಮಾಕಳಿಯ ತಿರುವಿನಲ್ಲಿ ಭಾನುವಾರ ಲಾರಿಯೊಂದು ಕೇಬಲ್ ಟಿವಿ ತಂತಿಗೆ ಸಿಲುಕಿಕೊಂಡಿದ್ದರಿಂದ ಸಂಚಾರಕ್ಕೆ ಅಡಚಣೆಯಾಯಿತು. ಸ್ಥಳೀಯರ ನೆರವಿನಿಂದ ತಂತಿಯನ್ನು ಬಿಡಿಸಲಾಯಿತು. ಯಾರಿಗೂ ಅಪಾಯವಾಗಿಲ್ಲ.'

ಓದಿ ಕೂತಳು. ನಾನು ಕಾಫಿ ಕುಡಿಯುತ್ತಾ ಆಕೆಯ ಮುಖ ನೋಡಿದೆ. ಆರು ತಿಂಗಳು ತರಬೇತಿ ಪಡೆದವರೂ ಇಷ್ಟು ಶುದ್ಧವಾಗಿ ಬರೆದುಕೊಡುವುದಿಲ್ಲ.

'ಆಮೇಲೆ?' ಎಂದರು ಆಕೆ.

'ಅಷ್ಟೇ ಆಂಟಿ.'

'ತಂತಿ ಬಿಡಿಸಿದ್ದು ಯಾರು? ಹೇಗೆ ಬಿಡಿಸಿದ್ರು?'

ಮಗಳು ನನ್ನ ಕಡೆ ನೋಡಿದಳು. 'ಅದು ಕೊನೇದು ಆಂಟಿ. ಕೊನೇದನ್ನ ಅಪ್ಪ ಹೊಡೆದುಹಾಕ್ತಾರೆ. ಜಾಗ ಇರಲ್ಲ.'

'ನೋಟ್‌ಬುಕ್ಕಲ್ಲಿ ಜಾಗ ಇರಲ್ವಾ?' ಎಂದ ಆಕೆಯ ಮಗ. 'ಹೊಸಾದ್ ತಗೊಳೋ ಗುರು!' ಮಕ್ಕಳೆಲ್ಲ ಹೋ ಎಂದು ನಕ್ಕರು.

'ನೀನು ಸುಮ್ನಿರೋ' ಎಂದು ಆಕೆ ಅವನಿಗೆ ಗದರಿ, ನನ್ನ ಮಗಳ ಕಡೆ ತಿರುಗಿದರು. 'ಬರೀಬೇಡ ಪುಟ್ಟಾ. ಬಾಯಲ್ಲಿ ಹೇಳು. ಬಾಯಲ್ಲಿ ಜಾಗ ಇದೆಯಲ್ಲ.'

ಆಗ ಹೇಳಿದಳು. ಮೊದಲು ನಿಧಾನವಾಗಿ, ಆಮೇಲೆ ಎದ್ದು ನಿಂತು, ಕೈಯಾಡಿಸಿಕೊಂಡು. ಲಾರಿಯಲ್ಲಿ ಫ್ಯಾಕ್ಟರಿಗೆ ಹೋಗುವ ದೊಡ್ಡ ಮಷೀನು ಇತ್ತು, ಟಾರ್ಪಾಲು ಹೊದ್ದು ಆನೆಯ ಹಾಗೆ ಕಾಣುತ್ತಿತ್ತು. ಡ್ರೈವರ್ ಹಿಂದೆಯೂ ಹೋಗುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ಚಿಕ್ಕಮ್ಮನ ಮನೆ ಎದುರಿನ ರೂಮುಗಳಲ್ಲಿ ರಾಯಚೂರು ಕಡೆಯ ಕೆಲಸಗಾರರಿದ್ದರು. ಅವರಲ್ಲೊಬ್ಬ ಬಟ್ಟೆ ಒಣಗಿಸುವ ಬಿದಿರಿನ ಗಳವನ್ನೇ ಕಿತ್ತುಕೊಂಡು ಓಡಿಬಂದ. ಗಳದಲ್ಲಿ ಬಟ್ಟೆ ಇನ್ನೂ ಇತ್ತು. ತುದಿಯಲ್ಲಿ ಒಂದು ಕೆಂಪು ಲಂಗ. ಗಳ ಎತ್ತಿ ತಂತಿಯನ್ನು ಮೇಲಕ್ಕೆ ತಳ್ಳಿದರೆ ಲಂಗ ಬಾವುಟದ ಹಾಗೆ ಹಾರಾಡಿತು. ಲಾರಿ ಅದರ ಕೆಳಗೆ ಮೆಲ್ಲಗೆ ದಾಟಿತು, ರಸ್ತೆಯವರೆಲ್ಲ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಲಂಗದ ಅಜ್ಜಿ ಹೊರಗೆ ಬಂದಳು.

ಮಗಳು ಸೊಂಟದ ಮೇಲೆ ಕೈಯಿಟ್ಟು ಅಜ್ಜಿಯಾದಳು. '"ನನ್ನ ಲಂಗಾ ಹಾರಿಸಿ ಲಾರಿ ದಾಟಸ್ತೀರೇನ್ರೋ ಭಾಡ್ಯಾಗಳ್ರಾ! ಮೊದ್ಲು ಇಳಸ್ರಿ ಕೆಳಗ!" ಅಂತ. ಡ್ರೈವರ್ ಅಂಕಲ್ ಲಾರಿಯಿಂದನೇ ಕೈ ಮುಗಿದ್ರು ಆಂಟಿ, ಲಂಗಕ್ಕೆ!'

ಮಕ್ಕಳು ಬಿದ್ದು ಬಿದ್ದು ನಕ್ಕರು. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದು, 'ಈಗ ಹೇಳು, ಕೈ ಮುಗಿದಿದ್ದು ಯಾರು? ಯಾರಿಗೆ?' ಎಂದು ಆ ಕೊನೆಯ ವಾಕ್ಯದಿಂದಲೇ ಪಾಠ ಶುರುಮಾಡಿದರು. ಮಗಳು ಓಡಿಹೋಗಿ ಪೆನ್ಸಿಲು ತೆಗೆದುಕೊಂಡಳು.

ಪಾಠ ಮುಗಿದ ಮೇಲೆ ಆಕೆ ಬಾಗಿಲ ತನಕ ಬಂದರು. 'ನಿಮ್ಮ ಮಗಳಿಗೆ ವಾಕ್ಯ ತುಂಬ ಚೆನ್ನಾಗಿ ಕೂತಿದೆ ಸಾರ್. ಯಾರು ಕಲಿಸಿದ್ದು ಅಂತ ಕಾಣುತ್ತೆ.' ಅದು ಹೊಗಳಿಕೆಯೇ. ವ್ಯಂಗ್ಯ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ವ್ಯಂಗ್ಯ ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಬುಡದಿಂದ ಕತ್ತರಿಸುವುದು ಪತ್ರಿಕೆಗೆ ಸರಿಯಾದ ಪದ್ಧತಿ ಎಂದು ನಾನು ಇಂದಿಗೂ ನಂಬುತ್ತೇನೆ. ಬಸ್ಸಿನಲ್ಲಿ ನಿಂತು ಓದುವವನಿಗೆ ಮೊದಲ ಸಾಲಿನಲ್ಲೇ ವಿಷಯ ಸಿಗಬೇಕು. ನನ್ನನ್ನು ಸುಟ್ಟದ್ದು ಅದಲ್ಲ. ಆ ಲಂಗ ನಾಲ್ಕು ದಿನ ನನ್ನ ಮನೆಯಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಅವಳು ನನ್ನ ಎದುರು ಚಾಪೆಯ ಮೇಲೆ ಕೂತು ಇಡ್ಲಿ ತಿಂದಿದ್ದಳು. 'ಚಿಕ್ಕಮ್ಮನ ಮನೆ ಹೇಗಿತ್ತು?' ಎಂದು ಕೇಳಿದ್ದೆ. 'ಚೆನ್ನಾಗಿತ್ತು' ಎಂದಿದ್ದಳು. ಅಜ್ಜಿಯನ್ನು, ಡ್ರೈವರನನ್ನು ಅವಳು ಒಂಬತ್ತನೇ ಮಹಡಿಗೆ ತೆಗೆದುಕೊಂಡು ಹೋಗಿ ಕೊಟ್ಟಳು. ಆಕೆ ಅದಕ್ಕಾಗಿ ಮಾಡಿದ್ದು 'ಆಮೇಲೆ?' ಎಂದು ಕೇಳಿದ್ದಷ್ಟೇ.

ಮರುದಿನ ಶನಿವಾರ ಹೆಂಡತಿ ತೀರ್ಮಾನ ಕೇಳಿದಳು. ಆ ಪಾಠಕ್ರಮಕ್ಕೆ ನಾವು ಸೇರುತ್ತೇವೋ ಇಲ್ಲವೋ ಎಂದು ಆಕೆಗೆ ತಿಳಿಸಬೇಕಿತ್ತು. ನಾನು ಕೆಲವು ಅಂಶಗಳನ್ನು ಮುಂದಿಟ್ಟೆ. ದೂರ, ಟ್ರಾಫಿಕ್ಕು, ಪರದೇಶದ ಪದ್ಧತಿಯ ಬಗ್ಗೆ ಅಸಮಾಧಾನ.

'ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚು ಅಂತಾನೇ ಹಾಕಿ' ಎಂದಳು ಅವಳು. 'ಅಸಮಾಧಾನ ಅಂತ ಹೆಡ್‌ಲೈನ್ ಕೊಡಬೇಡಿ.'

'ಬೆಳಿಗ್ಗೆ ಒಂದೇ ಕಣೇ ನನಗಿರೋದು. ಅದರಲ್ಲಿ ಅರ್ಧ ಆಕೆಗೆ ಹೋಗುತ್ತೆ.'

ಅವಳು ಅದಕ್ಕೆ ತಮಾಷೆ ಮಾಡಲಿಲ್ಲ. ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ, 'ಗೊತ್ತು ರೀ' ಎಂದಳು. 'ಆದ್ರೆ ನೀವಾಗ್ಲಿ ನಾನಾಗ್ಲಿ ಹೀಗೆ ಕುಣಿಸಿಲ್ಲ ಅವಳನ್ನ ವ್ಯಾಕರಣಕ್ಕೆ.'

ನಾನು ಬರೆಯುತ್ತಿದ್ದ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ. ಮಗಳು ವಾರಕ್ಕೆ ಮೂರು ಬೆಳಿಗ್ಗೆ ಅಲ್ಲಿಗೇ ಎಂದು ನಾನೇ ಫೋನು ಮಾಡಿ ಹೇಳಿದೆ. ನಮ್ಮ ಗುಂಪಿನಲ್ಲಿ ಪಾಠಕ್ಕೆ ಫೀಸು ಇರಲಿಲ್ಲ. ಒಂದು ಮನೆಯಿಂದ ಪಾಠ ತೆಗೆದುಕೊಂಡರೆ ಆ ಮನೆಯ ಮಗುವಿಗೆ ನಾವೊಂದು ಪಾಠ ಕೊಡಬೇಕು. ಏನು ಕೊಡಲಿ ಎಂದು ಕೇಳಿದೆ. ತಿಂಡಿ, ತೋಟದ ಕೆಲಸ, ಚೆಸ್, ಏನನ್ನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

'ನನ್ನ ಮಗನಿಗೆ ಕನ್ನಡ ಪೇಪರ್ ಓದೋಕೆ ಹೇಳ್ಕೊಡಿ ಸಾರ್' ಎಂದರು. 'ಮಾತಾಡ್ತಾನೆ, ಓದಲ್ಲ. ಮಾತಿದ್ದಾಗ ಕೂರ್ತಾನೆ, ನಾನು ಪುಸ್ತಕ ತೆಗೆದ್ರೆ ಎದ್ದು ಹೋಗ್ತಾನೆ. ಊರಿನ ಮಕ್ಕಳೆಲ್ಲ ನನ್ನ ಹತ್ರ ಓದ್ತಾರೆ, ಇವನೊಬ್ಬ ಓದಲ್ಲ.'

ಹುಡುಗ ಮಂಗಳವಾರ ಬಂದ. ಮಗಳು ಮನೆಯಲ್ಲಿರುವ ದಿನ. ಅವನಿಗೆ ಕ್ರೀಡಾಪುಟ ಕೊಟ್ಟೆ. ಅಕ್ಷರ ಅಕ್ಷರ ಹಿಡಿದು ಒಂದು ತಲೆಬರಹ ಓದಿ, ಪುಟ ಮಡಿಸಿ, ತಾನು ಆಡಿದ ಮ್ಯಾಚಿನ ಕಥೆ ಶುರುಮಾಡಿದ. ಕಾಂಪೌಂಡಿನಾಚೆ ಬಿದ್ದ ಚೆಂಡು, ಅದನ್ನು ಕೊಡದ ಪಕ್ಕದ ಸೈಟಿನ ನಾಯಿ. ನಾನು ಪೆನ್ನು ಕೆಳಗಿಟ್ಟೆ. ಅವನು ನಿಂತಲ್ಲೆಲ್ಲ, 'ಆಮೇಲೆ?' ಎಂದೆ. ಆಕೆಯ ಮಾತನ್ನೇ ಕದ್ದು ಆಕೆಯ ಮಗನ ಮೇಲೆ ಬಳಸಿದ್ದರಲ್ಲಿ ನನಗೆ ಒಂದು ಬಗೆಯ ಸಂತೋಷವಿತ್ತು. ಹುಡುಗ ಉಬ್ಬಿಹೋದ. ನಾಯಿಯ ಮಾಲೀಕ ಬಂದ, ಅವನ ಚಪ್ಪಲಿ ಬಂತು, ಕಥೆ ಮುಗಿಯುವ ಸೂಚನೆಯೇ ಇರಲಿಲ್ಲ.

ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಲೆಕ್ಕ ಮಾಡಲು ಕೂರಿಸಿದ್ದೆ, ಮಾಡಿರಲಿಲ್ಲ.

'ಅವನಿಗೆ ಪೂರ್ತಿ ಬಿಡ್ತೀಯಾ?' ಎಂದಳು.

'ಅವನು ಮುಗಿಸಲಿ, ತಡಿ.'

'ನಂಗೆ ಯಾವತ್ತೂ ಪೂರ್ತಿ ಬಿಟ್ಟಿಲ್ಲ ನೀನು.'

'ನಿನಗೆ ಆಂಟಿ ಬಿಡ್ತಾರಲ್ಲ.'

ಅವಳ ಮುಖ ಬಿಗಿಯಾಯಿತು. ಬಂದು ಚಾಪೆಯ ಮೇಲೆ, ನನಗೂ ಹುಡುಗನಿಗೂ ನಡುವೆ ಇದ್ದ ಗೇಣು ಜಾಗದಲ್ಲಿ ಕೂತಳು. ಕ್ರೀಡಾಪುಟ ಅವಳ ಮಂಡಿಯ ಕೆಳಗೆ ಸಿಕ್ಕಿಕೊಂಡಿತು.

'ಏಯ್, ಇದು ನನ್ ಕ್ಲಾಸು' ಎಂದ ಹುಡುಗ. 'ನಿಂದು ನಾಳೆ, ನಮ್ಮನೇಲಿ.'

'ಕ್ಲಾಸು ನಿಂದೇ ಇರಲಿ' ಎಂದಳು. 'ಅಪ್ಪ ನನ್ನೋರು.'

ಹುಡುಗ ನನ್ನ ಮುಖ ನೋಡಿದ. ತೀರ್ಪು ಕೊಡಬೇಕಾದವನು ನಾನು. ಪಾಠ ಅವನದು, ಸಮಯ ಅವನದು, ನ್ಯಾಯವಾಗಿ ಮಗಳನ್ನು ಎಬ್ಬಿಸಿ ಲೆಕ್ಕಕ್ಕೆ ಕಳಿಸಬೇಕಿತ್ತು. ಕಳಿಸಲಿಲ್ಲ. ನಾಯಿಯ ಮಾಲೀಕ ಚಪ್ಪಲಿ ಎಸೆದ ಮೇಲೆ ಏನಾಯಿತು ಎಂದು ಹುಡುಗನನ್ನು ಕೇಳಿದೆ. ಅವನು ಮುಂದುವರಿಸಿದ. ಮಗಳು ಮುಖ ಊದಿಸಿಕೊಂಡೇ, ನನ್ನ ತೋಳಿಗೆ ಒರಗಿ, ಅವನು ಬೇಗ ಮುಗಿಸಲಿ ಎಂದು ಕಾಯುತ್ತಾ ಕೂತಳು.